ಬಂದರಿಗೆ ಎಲ್ಲರೂ ಬಂದರು

ಈ ಸಲ ಪ್ರವಾಸ ಹೋದರೆ ಕುರಿಮಂದೆಯ ಹಾಗಲ್ಲ, ಹುಲಿಯ ಹಾಗೆ ಹೋಗುತ್ತೇನೆ ಎಂದು ನಾನು ಊಟದ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ನನ್ನ ತೊಡೆಯ ಮೇಲೇ ಬಿತ್ತು. ಮಹಾಪುರುಷರ ಸಂಕಲ್ಪಗಳಿಗೆ ಇಂಥ ಸಣ್ಣಪುಟ್ಟ ವಿಘ್ನಗಳು ಸಹಜ!

"ಹುಲಿ ಹೇಗೆ ಹೋಗುತ್ತೆ ರೀ?" ಎಂದಳು ಹೆಂಡತಿ, ಒರೆಸುವ ಬಟ್ಟೆಯನ್ನು ನನ್ನ ಕಡೆ ಎಸೆಯುತ್ತಾ.

"ಯಾರೂ ಹೋಗದ ಕಾಲದಲ್ಲಿ ಹೋಗುತ್ತೆ. ಊರಿಗೆ ಊರೇ ಖಾಲಿ ಇರುವಾಗ!"

"ಊರಿಗೆ ಊರೇ ಯಾಕೆ ಖಾಲಿ ಇರುತ್ತೆ ಅಂತ ಹುಲಿ ಯಾವತ್ತಾದ್ರೂ ಯೋಚನೆ ಮಾಡಿದೆಯಾ?"

ಇದು ಅಜ್ಞಾನಿಗಳ ಪ್ರಶ್ನೆ. ನಾನು ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಬಸ್ ಡಿಪೋದಲ್ಲಿ ವೇಳಾಪಟ್ಟಿ ವಿಭಾಗದವನು. ಯಾವ ಬಸ್ಸು ಯಾವ ಹೊತ್ತಿಗೆ ಹೊರಡಬೇಕು, ಜನ ಎಲ್ಲಿ ಮುತ್ತಿಕೊಳ್ಳುತ್ತಾರೆ, ಯಾವ ಹೊತ್ತಿನಲ್ಲಿ ಸೀಟುಗಳು ಆಕಳಿಸುತ್ತಾ ಕೂತಿರುತ್ತವೆ, ಎಲ್ಲ ನನ್ನ ಬೆರಳ ತುದಿಯಲ್ಲಿದೆ. ಜನಜಂಗುಳಿಯ ನಾಡಿ ಹಿಡಿದವನು ನಾನು! ಬಸ್ಸುಗಳು ನಾನು ಬರೆದ ಹೊತ್ತಿಗೇ ಹೊರಡುತ್ತವೆಯೇ ಎಂದು ಮಾತ್ರ ಕೇಳಬೇಡಿ. ಅದು ಬೇರೆ ವಿಭಾಗ.

ನನ್ನನ್ನು ಕೆಣಕಿದ್ದು ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ. ಅವನು ಬೇಸಿಗೆಯಲ್ಲಿ ಒಂದು ಹಳೇ ಬಂದರಿನ ಊರಿಗೆ ಹೋಗಿಬಂದು ಫೋಟೋ ತೋರಿಸಿದ. ಕೋಟೆಯ ಮುಂದೆ ಬೆನ್ನುಗಳು. ದೀಪಸ್ತಂಭದ ಮುಂದೆ ಬೆನ್ನುಗಳು. ಸಮುದ್ರ ಎಂದು ತೋರಿಸಿದ ಫೋಟೋದಲ್ಲಿ ಒಬ್ಬ ದಪ್ಪ ಮನುಷ್ಯನ ಟೋಪಿ.

"ಸಮುದ್ರ ಎಲ್ಲೋ?" ಎಂದೆ.

"ಟೋಪಿ ಹಿಂದೆ ಇದೆ ಭಾವ," ಎಂದ.

ಆ ಕ್ಷಣವೇ ನಾನು ತೀರ್ಮಾನಿಸಿದೆ. ಅದೇ ಊರು, ಅದೇ ಕೋಟೆ, ಆದರೆ ಟೋಪಿ ಇಲ್ಲದ ಸಮುದ್ರ!

ಹೆಂಡತಿಯನ್ನು ಒಪ್ಪಿಸುವುದು ಕಷ್ಟವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಅವಳು ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ದಿನವಿಡೀ "ಸಿಸ್ಟರ್, ಸಿಸ್ಟರ್" ಎಂಬ ಕೂಗುಗಳ ನಡುವೆ ಓಡಾಡಿ ಮನೆಗೆ ಬಂದರೆ ಇಲ್ಲಿ ನಾನಿರುತ್ತೇನೆ. ನಾನೇನೂ ಹೆಚ್ಚು ಮಾತಾಡುವವನಲ್ಲ. ಹೇಳಬೇಕಾದದ್ದನ್ನು ಮಾತ್ರ ಹೇಳುತ್ತೇನೆ. ಹೇಳಬೇಕಾದದ್ದು ಸ್ವಲ್ಪ ಜಾಸ್ತಿ ಇರುತ್ತದೆ, ಅಷ್ಟೆ.

"ನೋಡಿ," ಎಂದಳು ಅವಳು, "ನಂಗೆ ಕೋಟೆನೂ ಬೇಡ, ಕೊತ್ತಲನೂ ಬೇಡ. ಸಮುದ್ರದ ಎದುರು ಒಂದು ಬೆಂಚು. ಅದರ ಮೇಲೆ ನಾನು. ಯಾರೂ ನನ್ನ ಕರೀಬಾರದು, ಯಾರೂ ಏನೂ ಕೇಳಬಾರದು. ಅಷ್ಟು ಸಿಕ್ಕಿದ್ರೆ ನೀವು ಎಲ್ಲಿಗೆ ಕರ್ಕೊಂಡು ಹೋದ್ರೂ ಬರ್ತೀನಿ."

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಪಾಳಿ ಮುಗಿಸಿ ಬಂದವಳು, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತಿದ್ದಳು. ಪಾಪ, ಇವಳಿಗೆ ಇಷ್ಟನ್ನಾದರೂ ಮಾಡಿಕೊಡಬೇಕು ಎಂದುಕೊಂಡೆ. ಇದು ಮಾತ್ರ ಸುಳ್ಳಲ್ಲ.

ಕೂತು ಲೆಕ್ಕ ಹಾಕಿದೆ. ಬೇಸಿಗೆಯವರು ಹೋಗಿ ಮುಗಿದಿರಬೇಕು, ಚಳಿ ಪೂರ್ತಿ ಬಂದಿರಬಾರದು. ಇವೆರಡರ ಸಂದಿಯಲ್ಲಿ ಒಂದೇ ಒಂದು ವಾರ, ಹುಣ್ಣಿಮೆ ಚಂದ್ರನ ಹಾಗೆ ಹೊಳೆಯುತ್ತಿತ್ತು! ಹೋಟೆಲು ಅರ್ಧ ದರ. ವಾರದ ಮಧ್ಯದಲ್ಲಿ ಕರಾವಳಿಯುದ್ದಕ್ಕೂ ಹೋಗಿಬರುವ ವಿಹಾರದ ಹಡಗಿನ ಕೊನೆಯ ಸಂಚಾರ. ಅದಾದ ಮೇಲೆ ಹಡಗು ದಡಕ್ಕೆ ಹತ್ತಿ ಬಣ್ಣ ಬಳಿಸಿಕೊಳ್ಳುತ್ತದಂತೆ. ಇಂಥ ವಾರವನ್ನು ಕಂಡುಹಿಡಿದವನಿಗೆ ಪದಕ ಕೊಡಬೇಕು. ಯಾರೂ ಕೊಡುವುದಿಲ್ಲ ಎಂದು ಗೊತ್ತಿದ್ದರಿಂದ ನಾನೇ ನಾಲ್ಕು ಜನಕ್ಕೆ ಹೇಳಿಕೊಳ್ಳಬೇಕಾಯಿತು.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಅದು ಇದೇ.

ಮೊದಲು ಭಾವಮೈದನಿಗೆ ಹೇಳಿದೆ, ಅವನ ಹೊಟ್ಟೆ ಉರಿಯಲಿ ಎಂದು. ಡಿಪೋದ ಮ್ಯಾನೇಜರಿಗೆ ಹೇಳಿದೆ, ನನ್ನ ಬುದ್ಧಿವಂತಿಕೆ ಅವರ ಕಿವಿಗೆ ಬೀಳಲಿ ಎಂದು. ಕಂಡಕ್ಟರುಗಳಿಗೆ ಒಬ್ಬೊಬ್ಬರಿಗೇ ಚಹಾದ ಹೊತ್ತಿನಲ್ಲಿ ಹೇಳಿದೆ. ಹಲ್ಲಿನ ಡಾಕ್ಟರಿಗೂ ಹೇಳಿದೆ. ಅವರು ನನ್ನ ಬಾಯಿಯೊಳಗೆ ಎರಡು ಕೊಳವೆ, ಒಂದು ಕನ್ನಡಿ, ತಮ್ಮ ಮೂರು ಬೆರಳು ಇಟ್ಟಿದ್ದರು. ಆದರೂ ಹೇಳಿದೆ! ಎಲ್ಲರಿಗೂ ಕೊನೆಯಲ್ಲಿ ಒಂದೇ ಮಾತು: "ನಿಮಗೆ ಅಂತ ಹೇಳ್ತಿದೀನಿ. ಯಾರಿಗೂ ಬಾಯಿ ಬಿಡಬೇಡಿ."

ಅಂತೂ ಆ ವಾರ ಬಂತು. ನಾವು ಹೊರಟೆವು.

ಊರು ನಿಜಕ್ಕೂ ಖಾಲಿ! ಬೀದಿಯಲ್ಲಿ ನಮ್ಮ ಸೂಟ್‌ಕೇಸಿನ ಚಕ್ರಗಳ ಸದ್ದು ಬಿಟ್ಟರೆ ಗಾಳಿಯ ಸದ್ದು. ಹೋಟೆಲಿನ ಬಾಗಿಲಲ್ಲಿ ಒಬ್ಬ ಬಂದು ನಮ್ಮ ಸಾಮಾನು ತೆಗೆದುಕೊಂಡ. ಒಳಗೆ ಹೋಗಿ ಅವನೇ ಕೋಟು ತೊಟ್ಟು ಕೌಂಟರಿನ ಹಿಂದೆ ನಿಂತು "ಸ್ವಾಗತ" ಎಂದ. ಊಟಕ್ಕೆ ಏನಿದೆ ಎಂದು ಕೇಳಿದರೆ ಕೋಟು ಬಿಚ್ಚಿ ಏಪ್ರನ್ ಕಟ್ಟಿಕೊಂಡು "ಸೂಪು" ಎಂದ. ಉಳಿದವರೆಲ್ಲ ರಜೆಯ ಮೇಲೆ ಹೋಗಿದ್ದರು. ಹಾಳೂರಿಗೆ ಉಳಿದವನೇ ಗೌಡ!

ಕೋಟೆ ನೋಡಲೆಂದೇ ಹೊಸ ಕೋಟು ಹೊಲಿಸಿದ್ದೆ. ಹೋಗಿ ನೋಡಿದರೆ ಕೋಟೆಗೆ ಬೀಗ. "ರಿಪೇರಿ ನಡೆದಿದೆ, ವಸಂತದಲ್ಲಿ ಬನ್ನಿ" ಎಂಬ ಹಲಗೆ. ಶತಮಾನಗಟ್ಟಲೆ ಶತ್ರುಗಳಿಗೆ ಜಗ್ಗದ ಕೋಟೆ, ಒಂದು ತುಕ್ಕು ಹಿಡಿದ ಬೀಗದ ಬಲದಿಂದ ನನ್ನನ್ನು ಹಿಮ್ಮೆಟ್ಟಿಸಿತು. ವಸ್ತುಸಂಗ್ರಹಾಲಯದ ಕಾವಲುಗಾರ ಮಗಳ ಮನೆಗೆ ಹೋಗಿದ್ದ. ದೀಪಸ್ತಂಭಕ್ಕೆ ಮೇಲಿನಿಂದ ಕೆಳಗಿನವರೆಗೂ ತಾಡಪಾಲು ಸುತ್ತಿದ್ದರು, ನೆಗಡಿಯಾದವರಿಗೆ ಮಫ್ಲರ್ ಸುತ್ತಿದ ಹಾಗೆ.

ನಾನು ಇದನ್ನೆಲ್ಲ ವರದಿ ಮಾಡಲು ಸಮುದ್ರದ ದಂಡೆಗೆ ಓಡಿದೆ. ಅಲ್ಲಿ ಒಂದು ಬೆಂಚಿತ್ತು. ಅದರ ಮೇಲೆ ಹೆಂಡತಿ ಕೂತಿದ್ದಳು. ಶಾಲು ಹೊದ್ದು, ಕಾಲು ಮೇಲೆಳೆದುಕೊಂಡು, ಬೂದುಬಣ್ಣದ ಸಮುದ್ರವನ್ನು ನೋಡುತ್ತಿದ್ದಳು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

"ಕೋಟೆಗೆ ಬೀಗ ಕಣೇ!"

"ಹೂಂ."

"ಮ್ಯೂಸಿಯಮ್ಮಿನವನು ಮಗಳ ಮನೇಲಿದಾನೆ!"

"ಹೂಂ."

"ದೀಪಸ್ತಂಭ..."

"ಶ್!" ಎಂದಳು. "ನಾಳೆ ಹೇಳಿ."

ಒಳ್ಳೆಯದು, ಅವಳ ಆಸೆಯಾದರೂ ಕೈಗೂಡಿತಲ್ಲ ಎಂದು ನಾನು ತೆಪ್ಪಗೆ ಕೂತೆ. ತೆಪ್ಪಗೆ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಒಂದು ಹಕ್ಕಿ ಬಂದು ಕೂತಿತು. ಅದಕ್ಕಾದರೂ ದೀಪಸ್ತಂಭದ ವಿಷಯ ಹೇಳೋಣ ಎನ್ನಿಸಿತು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಬೆಂಚಿನ ಮೇಲೆ ಕೂತಿದ್ದಾಗಲೇ ಹಿಂದಿನಿಂದ ಒಂದು ಕೂಗು ಕೇಳಿತು.

"ಅಕ್ಕಾ!"

ತಿರುಗಿ ನೋಡಿದರೆ ಭಾವಮೈದ! ಅವನ ಹೆಂಡತಿ, ಮಕ್ಕಳು, ಕುತ್ತಿಗೆಯಲ್ಲಿ ಕ್ಯಾಮೆರಾ.

"ನೀನೇನೋ ಇಲ್ಲಿ?" ಎಂದೆ.

"ನೀವೇ ಹೇಳಿದ್ರಲ್ಲ ಭಾವ, ಇದೇ ವಾರ ಬೆಸ್ಟ್ ಅಂತ! ಒಬ್ಬರಿಗೂ ಬಾಯಿ ಬಿಟ್ಟಿಲ್ಲ, ದೇವರಾಣೆ. ನಿಮಗೂ ಹೇಳ್ಲಿಲ್ಲ ನೋಡಿ!"

ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಡಾಕ್ಟರು ಕುಟುಂಬ ಸಮೇತ ಇಳಿದರು. ನಾನು ಬಾಯಿ ತೆರೆದುಕೊಂಡು ಹೇಳಿದ್ದ ಒಂದೊಂದು ಅಕ್ಷರವೂ ಅವರಿಗೆ ಅರ್ಥವಾಗಿತ್ತು! ಆಮೇಲೆ ಕಂಡಕ್ಟರುಗಳು ಒಬ್ಬೊಬ್ಬರಾಗಿ ಬಂದರು. ಒಬ್ಬನನ್ನು ಕಂಡು ಇನ್ನೊಬ್ಬ ಬೆಚ್ಚಿದ; "ನಿಂಗೂ ಹೇಳಿದ್ರಾ?" ಎಂದು ಇಬ್ಬರೂ ನನ್ನ ಕಡೆ ಕೆಂಗಣ್ಣು ಬಿಟ್ಟರು. ಜನರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು! ನನ್ನ ಜನ ಗುಟ್ಟನ್ನು ಪ್ರಾಣದ ಹಾಗೆ ಕಾಪಾಡಿದ್ದರು. ಒಬ್ಬನಾದರೂ ಬಾಯಿಬಡುಕನಿದ್ದಿದ್ದರೆ, ಗುಟ್ಟು ರಟ್ಟಾಯಿತೆಂದು ಇಷ್ಟು ಜನ ಬರುತ್ತಿರಲಿಲ್ಲ. ಬಂದರಿಗೆ ಎಲ್ಲರೂ ಬಂದರು.

ಸಂಜೆಯ ಬಸ್ಸಿನಲ್ಲಿ ಮ್ಯಾನೇಜರು ಬಂದು ಇಳಿದಾಗ ನಾನು ಕಂಬ ಹಿಡಿದು ನಿಂತೆ.

"ಸಾರ್! ಡಿಪೋ ಯಾರು ನೋಡ್ಕೋತಿದಾರೆ?"

"ನೀವಿದೀರಲ್ಲ ಅಂತ ಬಿಟ್ಟು ಬಂದೆ ಕಣ್ರೀ!"

"ನನ್ನ ರಜೆಗೆ ನೀವೇ ಸಹಿ ಹಾಕಿದ್ರಿ!"

"ಸಹಿ ಹಾಕೋದೆಲ್ಲಾ ಓದ್ತಾ ಕೂತರೆ ಡಿಪೋ ನಡೆಯುತ್ತೇನ್ರೀ?" ಎಂದು ಅವರು ನನ್ನ ಮೇಲೇ ರೇಗಿದರು.

ಹೋಟೆಲಿನ ಸರ್ವಾಧಿಕಾರಿಗೆ ಮಾತ್ರ ಆನಂದಬಾಷ್ಪ. ಕೋಟು ಒಮ್ಮೆ, ಏಪ್ರನ್ ಒಮ್ಮೆ ತೊಟ್ಟು ಬಿಚ್ಚಿ, ಕೊನೆಗೆ ಎರಡನ್ನೂ ಒಟ್ಟಿಗೇ ಹಾಕಿಕೊಂಡು ಓಡಾಡತೊಡಗಿದ. "ಸೀಸನ್ ಬಂತು ಸಾರ್!" ಎಂದು ನನ್ನ ಕೈ ಕುಲುಕಿ, ಅರ್ಧ ದರವನ್ನು ಅಲ್ಲೇ ರದ್ದು ಮಾಡಿದ. ಸೂಪಿಗೆ ನೀರು ಬೆರೆಯಿತು. ಸ್ನಾನದ ಬಿಸಿನೀರು ಮೂರನೇ ಬಕೆಟ್ಟಿಗೆ ಕೈಕೊಟ್ಟಿತು. ಒಬ್ಬೊಬ್ಬರಾಗಿ ಟವೆಲ್ ಸುತ್ತಿಕೊಂಡು ನನ್ನ ಕೋಣೆಯ ಬಾಗಿಲಿಗೇ ಬಂದರು.

"ಏನ್ರೀ, ಕೋಟೆ ಮುಚ್ಚಿದೆ?"

"ಏನ್ರೀ, ಗಾಳಿ ಹೀಗೆ ಬೀಸುತ್ತೆ?"

"ಏನು ಭಾವ, ಸಮುದ್ರ ಈ ಬಣ್ಣದಲ್ಲಿದೆ? ಬೇಸಿಗೇಲಿ ನೀಲಿ ಇತ್ತು!"

ಸಮುದ್ರದ ಬಣ್ಣಕ್ಕೂ ನಾನೇ ಜವಾಬ್ದಾರ! ಮಾಡಿದ್ದುಣ್ಣೋ ಮಹಾರಾಯ. ಅದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾರದ್ದು ಬೇರೆಯೇ ಇತ್ತು. ಕಂಡಕ್ಟರ್ ಒಬ್ಬನ ಕಾಲು ಪಾಚಿಯ ಮೇಲೆ ಜಾರಿ ಉಳುಕಿತು. ಭಾವಮೈದನ ಕಿರಿಮಗಳಿಗೆ ಕೆಮ್ಮು ಹತ್ತಿತು. ಮ್ಯಾನೇಜರಿಗೆ ಬಿಪಿ ನೋಡಿಸಿಕೊಳ್ಳುವ ಆಸೆ ಹುಟ್ಟಿತು. ಹಲ್ಲಿನ ಡಾಕ್ಟರಿಗೇ ಹಲ್ಲುನೋವು! ನಾಲ್ಕೂ ದಿಕ್ಕಿನಿಂದ "ಸಿಸ್ಟರ್! ಸಿಸ್ಟರ್!" ಎಂಬ ಕೂಗು ಎದ್ದಿತು. ಅವಳ ಬೆಂಚಿನ ಮೇಲೆ ಮ್ಯಾನೇಜರು ಕಾಲು ಚಾಚಿ ಮಲಗಿ ಗೊರಕೆ ಹೊಡೆಯುತ್ತಿದ್ದರು.

ಕೋಣೆಗೆ ಬಂದ ಹೆಂಡತಿ ಮಂಚದ ಅಂಚಿನಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ವರ್ಷಗಟ್ಟಲೆ ಬೇರೆಯವರ ಪಾಳಿನೂ ಮಾಡಿ ಉಳಿಸಿದ ರಜೆ ರೀ ಇದು," ಎಂದಳು. "ಎರಡು ಗಂಟೆಗೆ ಬಸ್ ಖಾಲಿ ಇರುತ್ತೆ ಅಂತ ಎಲ್ಲರಿಗೂ ಹೇಳಿದ್ರೆ, ಎರಡು ಗಂಟೆ ಬಸ್ ಖಾಲಿ ಇರುತ್ತಾ? ಇದೇ ನಿಮ್ಮ ಕೆಲಸ ಅಲ್ವಾ? ದಿನಾ ಇದನ್ನೇ ತಾನೇ ಮಾಡೋದು?"

ನನಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಿವಿಯ ತುದಿ ಬಿಸಿಯಾಗುವಂಥದು. ಆದರೆ ಹುಲಿ ಸೋತು ಕೂರುವುದುಂಟೇ? ತಟ್ಟನೆ ಎದ್ದು ನಿಂತೆ.

"ಹಡಗು!" ಎಂದೆ.

"ಯಾವ ಹಡಗು?"

"ನಾಳಿನ ವಿಹಾರದ ಹಡಗು ಕಣೇ! ಇವರೆಲ್ಲರನ್ನೂ ಅದಕ್ಕೆ ತುಂಬಿ ಕಳಿಸಿಬಿಡ್ತೀನಿ. ಹಡಗು ವಾಪಸ್ ಬರೋದು ನಮ್ಮ ರಜೆ ಮುಗಿಯೋ ಹೊತ್ತಿಗೆ. ಅಲ್ಲೀವರೆಗೆ ಊರೆಲ್ಲಾ ನಮ್ಮದು. ನೀನು, ಬೆಂಚು, ನಾನು!"

"ನೀವು ಬರದೆ ಅವರು ಹತ್ತುತ್ತಾರಾ?"

"ನಾನೂ ಹತ್ತುತ್ತೀನಿ. ಎಲ್ಲರನ್ನೂ ಸೀಟಿನಲ್ಲಿ ಕೂರಿಸಿ, ಹತ್ತಿಳಿಯೋ ಹಲಗೆ ಎತ್ತೋ ಮುಂಚೆ ಟಣ್ಣಂತ ಇಳಿದುಬಿಡ್ತೀನಿ. ಯಾವ ವಾಹನ ಯಾವ ಕ್ಷಣಕ್ಕೆ ಹೊರಡುತ್ತೆ ಅನ್ನೋದನ್ನ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ!"

ಹೆಂಡತಿ ನನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಒಳ್ಳೇ ಯೋಚನೆ ರೀ," ಎಂದಳು.

ಮದುವೆಯಾದಾಗಿನಿಂದ ನನ್ನ ಯಾವ ಯೋಚನೆಯನ್ನೂ ಅವಳು ಒಳ್ಳೆಯದು ಎಂದವಳಲ್ಲ. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಎಚ್ಚರಗೊಳ್ಳಲಿಲ್ಲ, ಉಬ್ಬಿಹೋದೆ.

ಮರುದಿನ ಬೆಳಿಗ್ಗೆ ಊಟದ ಕೋಣೆಯಲ್ಲಿ ಕುರ್ಚಿ ಹತ್ತಿ ನಿಂತು ಭಾಷಣ ಮಾಡಿದೆ. ಹಡಗಿನಲ್ಲಿ ಬಿಸಿನೀರುಂಟು, ಹಡಗಿನಲ್ಲಿ ನೀರು ಬೆರೆಸದ ಸೂಪುಂಟು, ಹಡಗಿನಿಂದ ನೋಡಿದರೆ ಕೋಟೆಯ ಬೀಗವೇ ಕಾಣುವುದಿಲ್ಲ! ಜನ ಚಪ್ಪಾಳೆ ತಟ್ಟಿದರು. ಖಾಲಿ ಹೋಗಬೇಕಿದ್ದ ಹಡಗಿನಲ್ಲಿ ಎಲ್ಲರಿಗೂ ಜಾಗ ಸಿಕ್ಕಿತು. ಹೆಂಡತಿ ಮಾತ್ರ, ಬಂದರಿನ ಕಡೆ ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದು ಬೆಳಿಗ್ಗೆಯೇ ಹೊರಗೆ ಹೋಗಿದ್ದಳು.

ಹೊತ್ತಿಗೆ ಸರಿಯಾಗಿ ನನ್ನ ದಂಡು ಬಂದರಿಗೆ ಹೊರಟಿತು. ಮುಂದೆ ನಾನು, ಹಿಂದೆ ಮ್ಯಾನೇಜರು, ಅವರ ಹಿಂದೆ ಕುಂಟುತ್ತಾ ಕಂಡಕ್ಟರ್. ಹೆಂಡತಿ ಹಡಗು ನಿಲ್ಲುವ ಕಟ್ಟೆಯ, ಅಂದರೆ ದಕ್ಕೆಯ ಮೇಲೆ ನಿಂತಿದ್ದಳು.

"ಅಕ್ಕ ಬರಲ್ವಾ?" ಎಂದ ಭಾವಮೈದ.

"ನಂಗೆ ಹಡಗು ಆಗಿಬರಲ್ಲ ಕಣೋ, ತಲೆ ಸುತ್ತುತ್ತೆ," ಎಂದಳು ಅವಳು. ನಾನು ಅವಳಿಗೆ ಗುಟ್ಟಾಗಿ ಕಣ್ಣು ಹೊಡೆದೆ. ಅವಳೂ ಹೊಡೆದಳು. ಎಷ್ಟೋ ವರ್ಷಗಳ ಮೇಲೆ!

ಎಲ್ಲರನ್ನೂ ಕೂರಿಸಿದೆ. ಮ್ಯಾನೇಜರಿಗೆ ಕಿಟಕಿ, ಡಾಕ್ಟರಿಗೆ ಬೆಚ್ಚಗಿನ ಮೂಲೆ. ಕೈಗಡಿಯಾರ ನೋಡಿಕೊಂಡೆ. ಹೊರಡುವ ಹೊತ್ತು ಹತ್ತಿರವಾಗಿತ್ತು. ಹಲಗೆಯ ಹತ್ತಿರ ಬಂದು ಒಂದು ಕಾಲನ್ನು ಅದರ ಮೇಲಿಟ್ಟೆ. ಹೊರಡುವ ಹೊತ್ತು ಬಂತು.

ಹಡಗು ಹೊರಡಲಿಲ್ಲ.

ಹೊತ್ತು ಮೀರಿತು. ಆದರೂ ಹೊರಡಲಿಲ್ಲ. ಹಲಗೆ ಎತ್ತುವವನು ಒಂದು ಹಗ್ಗದ ಸುರುಳಿಯ ಮೇಲೆ ಕೂತು ಕಿವಿ ಕೆರೆದುಕೊಳ್ಳುತ್ತಿದ್ದ. "ಯಾವಾಗಪ್ಪಾ ಹೊರಡೋದು?" ಎಂದೆ. "ಹೊರಡುತ್ತೆ ಸಾರ್," ಎಂದ.

ಯಾವ ಬುದ್ಧಿವಂತನೇ ಆಗಲಿ, ಆಗ ತೆಪ್ಪಗೆ ಇಳಿದು ಹೆಂಡತಿಯ ಪಕ್ಕ ಹೋಗಿ ನಿಲ್ಲುತ್ತಿದ್ದ. ಆದರೆ ನನ್ನ ಮೈಯಲ್ಲಿ ಹರಿಯುವುದು ರಕ್ತವಲ್ಲ, ವೇಳಾಪಟ್ಟಿ! ಕಣ್ಣೆದುರಿಗೇ ಒಂದು ವಾಹನ ತಡವಾಗುತ್ತಿದೆ, ಹೇಳುವವರು ಕೇಳುವವರು ಯಾರೂ ಇಲ್ಲ. ನಮ್ಮ ಡಿಪೋದಲ್ಲಿ ಕೇಳಲು ನನಗೆ ಅಧಿಕಾರವಿರಲಿಲ್ಲ. ಇಲ್ಲಿ ನಾನು ಪ್ರಯಾಣಿಕ! ವರ್ಷಗಳಿಂದ ಒಳಗೆ ಕುದಿಯುತ್ತಿದ್ದದ್ದು ಉಕ್ಕಿಬಂತು. ಹಲಗೆಯ ಮೇಲಿನ ಕಾಲನ್ನು ಹಿಂದಕ್ಕೆಳೆದುಕೊಂಡು ಧಡಧಡನೆ ಮೆಟ್ಟಿಲು ಹತ್ತಿ ಕ್ಯಾಪ್ಟನ್ನನ ಕೋಣೆಗೆ ನುಗ್ಗಿದೆ.

ಕ್ಯಾಪ್ಟನ್ ಚಹಾ ಕುಡಿಯುತ್ತಾ ಕೂತಿದ್ದರು. ಹೆಬ್ಬೆರಳಿಗೆ ಹೊಸ ಪಟ್ಟಿ ಕಟ್ಟಿಕೊಂಡಿದ್ದರು.

"ಏನು ಸ್ವಾಮಿ ಇದು!" ಎಂದು ಶುರುಮಾಡಿದೆ. "ಹೊತ್ತು ಅಂದ್ರೆ ಹೊತ್ತು! ಒಂದು ವಾಹನ ತಡ ಆದ್ರೆ ಅದರ ಹಿಂದಿನದು ತಡ, ಅದರ ಹಿಂದಿನದೂ ತಡ! ಸಮಯಪಾಲನೆ ಅನ್ನೋದು..."

ಕ್ಯಾಪ್ಟನ್ ಚಹಾದ ಕಪ್ಪನ್ನು ಕೆಳಗಿಟ್ಟರು. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಪಕ್ಕದ ಹಗ್ಗ ಜಗ್ಗಿದರು. ಭೋಂ ಎಂದು ಹಡಗು ಕೂಗಿದ ಆ ಕೂಗಿಗೆ ನನ್ನ ಉಳಿದ ಭಾಷಣ ಹಾರಿಹೋಯಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಹಲಗೆ ಆಗಲೇ ಮೇಲಿತ್ತು, ದಕ್ಕೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು. ದಕ್ಕೆಯ ಮೇಲೆ ನನ್ನ ಹೆಂಡತಿ ಕೈ ಬೀಸುತ್ತಿದ್ದಳು.

"ನಿಲ್ಸಿ! ನಾನು ಇಳೀಬೇಕು!"

"ಹೊತ್ತು ಅಂದ್ರೆ ಹೊತ್ತು ಸಾರ್," ಎಂದರು ಕ್ಯಾಪ್ಟನ್.

ಹೊರಗೆ ಓಡಿಬಂದು ಫೋನು ಮಾಡಿದೆ. ಪಾಪ, ಅವಳೊಬ್ಬಳೇ ಗಾಳಿಯಲ್ಲಿ ಆ ಖಾಲಿ ಊರಿನಲ್ಲಿ!

"ನನ್ನ ಕ್ಷಮಿಸು ಕಣೇ! ಇಳಿಯೋಕಾಗ್ಲಿಲ್ಲ!"

"ಅಯ್ಯೋ, ಹೀಗಾಗಬಾರದಿತ್ತು ರೀ," ಎಂದಳು. ಅವಳ ದನಿ ನಡುಗುತ್ತಿತ್ತು. ಅಳು ಎಂದುಕೊಂಡೆ.

"ಹೆದರಬೇಡ. ಧೈರ್ಯವಾಗಿರು. ಹೊತ್ತು ಹೇಗೆ ಕಳೀತೀಯೋ ಏನೋ!"

"ಹೇಗೋ ಕಳೀತೀನಿ. ನೀವು ನನ್ನ ಯೋಚನೆ ಬಿಟ್ಟುಬಿಡಿ. ಫೋನೂ ಮಾಡ್ಬೇಡಿ, ಸುಮ್ನೆ ಸಂಕಟ ಆಗುತ್ತೆ," ಎಂದು ಫೋನಿಟ್ಟಳು.

ಎಂಥ ತ್ಯಾಗಮಯಿ! ನನ್ನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಭಾವಮೈದ ನನ್ನದೇ ಬ್ಯಾಗು ಹಿಡಿದುಕೊಂಡು ಬಂದ.

"ಭಾವ, ಇದರಲ್ಲಿ ನಿಮ್ಮ ಸ್ವೆಟರ್, ಹಲ್ಲುಜ್ಜೋ ಬ್ರಷ್ಷು, ವಾಂತಿ ಮಾತ್ರೆ ಎಲ್ಲಾ ಇದೆಯಂತೆ. ಅಕ್ಕ ಬೆಳಿಗ್ಗೆನೇ ಕೊಟ್ಟಿದ್ರು."

ಅಪ್ಪಿತಪ್ಪಿ ಹೀಗಾದೀತು ಎಂದು ಮೊದಲೇ ಊಹಿಸಿದ ಅವಳ ಮುಂದಾಲೋಚನೆಗೆ ನಾನು ತಲೆದೂಗಿದೆ. ಮನಸ್ಸು ಹಗುರಾಯಿತು. ಕ್ಯಾಪ್ಟನ್ ಮೇಲೆ ಸುಮ್ಮನೆ ಕೂಗಾಡಿದ್ದು ತಪ್ಪು ಎನ್ನಿಸಿ ಮತ್ತೆ ಮೆಟ್ಟಿಲು ಹತ್ತಿದೆ.

"ಬೇಜಾರು ಮಾಡ್ಕೋಬೇಡಿ ಸಾರ್. ಏನೋ ಆವೇಶದಲ್ಲಿ ಅಂದುಬಿಟ್ಟೆ. ತಡ ಆಗೋದು ಸಹಜ," ಎಂದೆ ದೊಡ್ಡ ಮನಸ್ಸಿನಿಂದ.

"ನನ್ನ ಸರ್ವೀಸಿನಲ್ಲಿ ನಾನು ಒಂದು ದಿನವೂ ತಡ ಮಾಡಿದವನಲ್ಲ ಸಾರ್," ಎಂದರು ಕ್ಯಾಪ್ಟನ್, ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಸವರುತ್ತಾ. "ಬೆಳಿಗ್ಗೆ ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿಹೋಗಿತ್ತು. ಪುಣ್ಯಾತ್ಗಿತ್ತಿ ಒಬ್ಬರು ದಕ್ಕೆ ಮೇಲೆ ಹೋಗ್ತಿದ್ದವರು ನೋಡಿ ಪಟ್ಟಿ ಕಟ್ಟಿಕೊಟ್ರು. ದುಡ್ಡು ಕೊಡಕ್ಕೆ ಹೋದ್ರೆ ಬೇಡ ಅಂದ್ರು. ಒಂದೇ ಒಂದು ಉಪಕಾರ ಕೇಳಿದ್ರು: 'ಇವತ್ತು ಸ್ವಲ್ಪ ತಡ ಮಾಡಿ ಸಾರ್. ಸರಿಯಾದ ಹೊತ್ತಿಗೆ ಹೊರಟ್ರೆ ನಮ್ಮ ಯಜಮಾನ್ರು ಇಳಿದುಬಿಡ್ತಾರೆ. ತಡ ಆದ್ರೆ, ಜಗಳ ಆಡೋಕೆ ನಿಮ್ಮ ಹತ್ರ ಓಡಿಬರ್ತಾರೆ. ಅವರು ಬಾಯಿ ತೆಗೆದ ತಕ್ಷಣ ಹೊರಟುಬಿಡಿ!'"